ಮೊದಲು ತಿಳಿ, ಆಮೇಲೆ ನಿಂಬೆ

ಶಿವಮೊಗ್ಗದಲ್ಲಿ ವಿಯೆಟ್ನಾಮಿನ ಫೋ, ಅಂದರೆ ಸಾರಿನಲ್ಲಿ ಮುಳುಗಿದ ಅಕ್ಕಿಯ ಶಾವಿಗೆಯ ಬಟ್ಟಲು, ಸಿಗುತ್ತದೆ ಎಂದು ಹೇಳಿದರೆ ಊರಿನವರೇ ನಂಬುವುದಿಲ್ಲ. ದೋಸೆ, ಮಂಡಕ್ಕಿ, ಬಿರಿಯಾನಿ, ಸಂಜೆಯಾದರೆ ಗೋಬಿ ಮಂಚೂರಿಯ ಗಾಡಿ, ಇವುಗಳಾಚೆಗೆ ಈ ಊರಿನ ನಾಲಗೆ ಅಲೆಯುವುದಿಲ್ಲ ಎಂಬ ಅಭಿಪ್ರಾಯ ನಮ್ಮವರಲ್ಲೇ ಬಲವಾಗಿ ಬೇರೂರಿದೆ. ಆದರೂ ಸವಳಂಗ ರಸ್ತೆಯಿಂದ ಒಳಕ್ಕೆ ತಿರುಗುವ ಒಂದು ಅಡ್ಡರಸ್ತೆಯಲ್ಲಿ, ಮನೆಯ ಮುಂದಿನ ಕಾರ್‌ಶೆಡ್ಡನ್ನೇ ಹೋಟೆಲು ಮಾಡಿಕೊಂಡಿರುವ ಗಂಡ ಹೆಂಡತಿ ವಾರದ ಕೊನೆಯ ದಿನಗಳಲ್ಲಿ ಫೋ ಮಾಡುತ್ತಾರೆ. ಗಂಡ ತೀರ್ಥಹಳ್ಳಿ ಕಡೆಯವರು. ಬಹಳ ವರ್ಷ ಪ್ರವಾಸಿ ಹಡಗುಗಳ ಅಡುಗೆಮನೆಯಲ್ಲಿ ದುಡಿದು, ಅಲ್ಲಿ ಜೊತೆಗಿದ್ದ ವಿಯೆಟ್ನಾಮಿನ ಅಡುಗೆಯವರಿಂದ ಈ ವಿದ್ಯೆ ಕಲಿತು ಬಂದವರು. ಪ್ಲಾಸ್ಟಿಕ್ ಕುರ್ಚಿ, ಸ್ಟೀಲಿನ ಲೋಟ, ಗೋಡೆಗೆ ಅಂಟಿಸಿದ ಒಂದು ಹಾಳೆಯ ಮೆನು, ಮಳೆ ಜೋರಾದರೆ ಶೀಟಿನ ಮೇಲೆ ಬೀಳುವ ಸದ್ದಿಗೆ ಪಕ್ಕದವರ ಮಾತು ಕೇಳಿಸದಂಥ ಜಾಗ. ಹೋಟೆಲಿನ ಹೆಸರನ್ನು ಬರೆಯುತ್ತಿಲ್ಲ; ಇರುವ ನಾಲ್ಕಾರು ಮೇಜಿಗೆ ಈಗಾಗಲೇ ಕಾಯಬೇಕಾಗಿದೆ ಎಂಬುದು ಅದಕ್ಕೆ ಅರ್ಧ ಕಾರಣ.

ಬಟ್ಟಲು ಬಂದು ಮುಂದೆ ಕುಳಿತಾಗ ನಮ್ಮವರ ಕೈ ಮೊದಲು ಹೋಗುವುದು ಪಕ್ಕದ ತಟ್ಟೆಗೆ. ನಿಂಬೆ ಹಿಂಡಿ, ಮೆಣಸಿನ ಚೂರುಗಳನ್ನು ಸುರಿದು, ಕೆಂಪು ಸಾಸಿನ ಬಾಟಲಿಯನ್ನು ತಲೆಕೆಳಗು ಮಾಡಿ, ಎಲ್ಲವನ್ನೂ ಕಲಸಿದ ಮೇಲೆ ಒಂದು ಚಮಚ ಬಾಯಿಗಿಟ್ಟು, ‘ಸಪ್ಪೆಯಾಗಿದೆ, ಸ್ವಲ್ಪ ಖಾರ ಬೇಕಿತ್ತು’ ಎಂದು ತೀರ್ಪು ಕೊಡುತ್ತಾರೆ. ಅಷ್ಟು ಹೊತ್ತಿಗೆ ಅವರು ತೀರ್ಪು ಕೊಡುತ್ತಿರುವುದು ಸಾಸಿನ ಬಗ್ಗೆಯೇ ಹೊರತು ಫೋದ ಬಗ್ಗೆ ಅಲ್ಲ. ಫೋ ಮಾಡುವವರ ಶ್ರಮವೆಲ್ಲ ಅದರ ತಿಳಿಯಲ್ಲಿ, ಅಂದರೆ ತೆಳು ಸಾರಿನಲ್ಲಿ, ಇದೆ. ಶಾವಿಗೆ, ಮಾಂಸ, ಸೊಪ್ಪು ಎಲ್ಲವೂ ಆ ತಿಳಿಯನ್ನು ಆಧರಿಸಿ ನಿಂತಿರುವಂಥವು. ಏನನ್ನೂ ಬೆರೆಸುವ ಮೊದಲು ಎರಡು ಮೂರು ಚಮಚ ತಿಳಿಯನ್ನು ಹಾಗೆಯೇ ಕುಡಿಯಬೇಕು. ಅದು ಚೆನ್ನಾಗಿದ್ದರೆ ಉಳಿದದ್ದನ್ನು ಅಳತೆಯಿಂದ ಸೇರಿಸಿಕೊಳ್ಳಬಹುದು. ಅದೇ ಚೆನ್ನಾಗಿಲ್ಲದಿದ್ದರೆ ಯಾವ ಸಾಸೂ ಅದನ್ನು ಉಳಿಸಲಾರದು.

ಆ ತಿಳಿ ಹೇಗೆ ಆಗುತ್ತದೆ ಎಂಬುದನ್ನು ಹೋಟೆಲಿನ ಹಿಂಬದಿಯ ಒಲೆಯ ಬಳಿ ನಿಂತು ನೋಡುವ ಅವಕಾಶ ನನಗೆ ಸಿಕ್ಕಿತು. ಕೋಳಿಯ ಮೂಳೆ, ಕಾಲು, ಕತ್ತುಗಳನ್ನು ಮೊದಲು ಒಂದು ಕುದಿ ಬರಿಸಿ ಆ ನೀರನ್ನು ಪೂರ್ತಿ ಚೆಲ್ಲಿಬಿಡುತ್ತಾರೆ. ರಕ್ತದ ಅಂಶವೂ ಕೊಳೆಯೂ ಅದರೊಂದಿಗೆ ಹೋಗುತ್ತವೆ. ಮೂಳೆಗಳನ್ನು ನಲ್ಲಿಯ ಕೆಳಗೆ ಒಂದೊಂದಾಗಿ ಉಜ್ಜಿ ತೊಳೆದು, ಹೊಸ ತಣ್ಣೀರಿನಲ್ಲಿ ಮತ್ತೆ ಒಲೆಗೇರಿಸುತ್ತಾರೆ. ಇನ್ನೊಂದು ಕಡೆ ಈರುಳ್ಳಿಯನ್ನೂ ಹೆಬ್ಬೆರಳು ಗಾತ್ರದ ಶುಂಠಿಯನ್ನೂ ಸಿಪ್ಪೆಸಹಿತ ನೇರವಾಗಿ ಬೆಂಕಿಯ ಮೇಲಿಟ್ಟು, ಹೊರಮೈ ಕರ್ರಗೆ ಕರಿಕಾಗಿ ಒಳಗಿನ ರಸ ಅಂಚಿನಲ್ಲಿ ಗುಳ್ಳೆಯೇಳುವ ತನಕ ಸುಡುತ್ತಾರೆ. ಕರಿಕನ್ನು ಕೆರೆದು ತೆಗೆದರೂ ಹೊಗೆಯ ಒಂದು ಎಳೆ ಅದರಲ್ಲಿ ಉಳಿದಿರುತ್ತದೆ, ಒಳಗಿನ ತಿರುಳು ಸಿಹಿಯಾಗಿರುತ್ತದೆ. ಇವೆರಡೂ ಇಡಿಯಾಗಿ ಪಾತ್ರೆಗೆ ಬೀಳುತ್ತವೆ. ಚಕ್ರಮೊಗ್ಗು, ಚಕ್ಕೆ, ಲವಂಗ, ಕೊತ್ತಂಬರಿ ಬೀಜಗಳನ್ನು ಒಣ ಬಾಣಲೆಯಲ್ಲಿ ಬಿಸಿಮಾಡಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಕೊನೆಯ ಒಂದು ಗಂಟೆಯಷ್ಟು ಹೊತ್ತು ಮಾತ್ರ ಮುಳುಗಿಸಿಡುತ್ತಾರೆ. ಗಂಟನ್ನು ಮೊದಲೇ ಹಾಕಿ ಮರೆತರೆ ತಿಳಿಗೆ ಕಷಾಯದ ಕಹಿ ಬರುತ್ತದೆ. ಉಪ್ಪಿನ ಬಹುಪಾಲು ಬರುವುದು ಮೀನಿನ ಸಾಸಿನಿಂದ, ಅಂದರೆ ಆಂಚೊವಿಯಂಥ ಸಣ್ಣ ಮೀನನ್ನು ಉಪ್ಪಿನೊಂದಿಗೆ ದೊಡ್ಡ ಮರದ ಪೀಪಾಯಿಗಳಲ್ಲಿ ವರ್ಷದ ಮಟ್ಟಿಗೆ ಕಳಿಯಿಸಿ ಇಳಿಸಿದ ಕೆಂಗಂದು ದ್ರವದಿಂದ. ಅದರ ಬಾಟಲಿಯನ್ನು ಮೂಸಿದವರು ಮೂಗು ಮುಚ್ಚಿಕೊಳ್ಳುತ್ತಾರೆ. ಮಳೆಗಾಲಕ್ಕೆಂದು ಒಣಮೀನು ಕಟ್ಟಿಟ್ಟ ಡಬ್ಬ ತೆರೆದು ಬೆಳೆದ ನಮಗೆ ಅದು ಅಂಥ ಆಘಾತವಾಗಬಾರದು. ಪಾತ್ರೆಗೆ ಬಿದ್ದ ಮೇಲಂತೂ ಮೀನಿನ ವಾಸನೆ ಅಡಗಿ ರುಚಿಯ ಆಳವಷ್ಟೇ ಉಳಿಯುತ್ತದೆ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಡುವುದು ಉರಿಯ ಹದ. ಪಾತ್ರೆ ಎಂದೂ ಕೊತಕೊತ ಕುದಿಯಬಾರದು. ಒಂದು ಅಂಚಿನಲ್ಲಿ ಆಗೊಂದು ಈಗೊಂದು ಗುಳ್ಳೆ ಏಳುತ್ತಿದ್ದರೆ ಸಾಕು. ಜೋರು ಕುದಿಯಲ್ಲಿ ಕೊಬ್ಬು ಒಡೆದು ಸಣ್ಣ ಹನಿಗಳಾಗಿ ನೀರಿನೊಂದಿಗೆ ಬೆರೆತುಬಿಡುತ್ತದೆ, ನೊರೆಯ ಕಣಗಳು ತಿರುಗಿ ಒಳಗೇ ಸೇರುತ್ತವೆ, ತಿಳಿಯು ಕಲಗಚ್ಚಿನಂತೆ ಮಬ್ಬಾಗುತ್ತದೆ. ಸಣ್ಣ ಉರಿಯಲ್ಲಾದರೆ ಕೊಬ್ಬು ಮೇಲೆ ತೇಲಿ ನಿಲ್ಲುತ್ತದೆ, ಬೇಕಾದಷ್ಟನ್ನು ಉಳಿಸಿಕೊಂಡು ಮಿಕ್ಕದ್ದನ್ನು ಸೌಟಿನಿಂದ ತೆಗೆಯಬಹುದು. ಕೋಳಿಯ ಕಾಲುಗಳಿಂದ ಬಿಟ್ಟ ಜಿಲೆಟಿನ್‌ನಿಂದಾಗಿ ತುಟಿಗೆ ತುಟಿ ಸ್ವಲ್ಪ ಅಂಟುವಂತಾಗುತ್ತದೆ. ನಾನು ಮೊದಲು ಗಮನಿಸುವುದು ಇದನ್ನೇ, ಏಕೆಂದರೆ ಪುಡಿ ಕದಡಿ ಮಾಡಿದ ಸೂಪಿನಲ್ಲಿ ಈ ಅಂಟು ಬರುವುದಿಲ್ಲ.

ಕೋಳಿಯ ಫೋ ಎಂದರೆ ಅಸಲಿಯಲ್ಲ, ಶಿವಮೊಗ್ಗಕ್ಕಾಗಿ ಮಾಡಿಕೊಂಡ ಹೊಂದಾಣಿಕೆ ಎಂದು ಮೂಗು ಮುರಿಯುವವರನ್ನು ಕಂಡಿದ್ದೇನೆ. ಫೋ ಹುಟ್ಟಿದ್ದು ದನದ ಮಾಂಸದಿಂದ ಎಂಬುದು ನಿಜ. ಉತ್ತರ ವಿಯೆಟ್ನಾಮಿನ ಕೆಂಪು ನದಿಯ ಬಯಲಿನಲ್ಲಿ, ಹನೋಯ್ ಮತ್ತು ನಾಮ್ ದಿನ್ ಪ್ರದೇಶಗಳಲ್ಲಿ, 20ನೆಯ ಶತಮಾನದ ಆರಂಭದ ಹೊತ್ತಿಗೆ ಇದು ರೂಪುಗೊಂಡಿತು. ಅಲ್ಲಿನ ರೈತರಿಗೆ ಎತ್ತು, ಕೋಣಗಳು ಉಳುಮೆಯ ಜೊತೆಗಾರರು. ದನದ ಮಾಂಸಕ್ಕೆ ಬೇಡಿಕೆ ತಂದವರು ಫ್ರೆಂಚ್ ಆಡಳಿತಗಾರರು ಮತ್ತು ಸೈನಿಕರು. ಅವರು ಒಳ್ಳೆಯ ತುಂಡುಗಳನ್ನು ಒಯ್ದ ಮೇಲೆ ಉಳಿದ ಮೂಳೆ, ಚೂರುಗಳು ಅಗ್ಗವಾಗಿ ಸಿಗತೊಡಗಿ, ಬೀದಿಯ ಮಾರಾಟಗಾರರು ಅವುಗಳಿಂದ ಸಾರು ಕಾಯಿಸಿ ಅಕ್ಕಿಯ ಶಾವಿಗೆಯೊಂದಿಗೆ ಮಾರಿದರು. ಬಿದಿರ ಅಡ್ಡೆಯ ಒಂದು ತುದಿಗೆ ಒಲೆಸಹಿತ ಸಾರಿನ ಪಾತ್ರೆ, ಇನ್ನೊಂದು ತುದಿಗೆ ಬಟ್ಟಲು, ಶಾವಿಗೆ, ಮಾಂಸ; ಇದನ್ನು ಹೆಗಲ ಮೇಲೆ ಹೊತ್ತು ನಸುಕಿನಲ್ಲೂ ರಾತ್ರಿಯಲ್ಲೂ ಕೂಗುತ್ತ ತಿರುಗುತ್ತಿದ್ದರು. ಇದರಲ್ಲಿ ಚೀನೀ ವ್ಯಾಪಾರಿಗಳ ಪಾಲೆಷ್ಟು, ಫ್ರೆಂಚರ ಪಾಲೆಷ್ಟು ಎಂಬ ಜಗಳ ಇನ್ನೂ ಮುಗಿದಿಲ್ಲ. ಆದರೆ 1939ರ ಸುಮಾರಿಗೆ, ಉಳುವ ದನಗಳು ಕರಗಿಹೋಗದಿರಲೆಂದು ಸೋಮವಾರ ಮತ್ತು ಶುಕ್ರವಾರಗಳಲ್ಲಿ ದನದ ಮಾಂಸದ ಮಾರಾಟವನ್ನು ನಿಲ್ಲಿಸಿದಾಗ ಹನೋಯ್‌ನ ಫೋ ಮಾಡುವವರೇ ಕೋಳಿಗೆ ಕೈಹಾಕಿದರು. ಮೊದಮೊದಲು ಅಲ್ಲಿನ ರಸಿಕರೂ ಗೊಣಗಿದರಂತೆ. ಈಗ ಕೋಳಿಯ ಫೋವನ್ನಷ್ಟೇ ಮಾಡುವ, ಅದಕ್ಕೇ ಹೆಸರಾದ ಅಂಗಡಿಗಳು ಹನೋಯ್‌ನಲ್ಲಿ ಇವೆ. ಆದ್ದರಿಂದ ಸವಳಂಗ ರಸ್ತೆಯ ಕೋಳಿಯ ಫೋ ಯಾರ ಕ್ಷಮೆಯನ್ನೂ ಕೇಳಬೇಕಾಗಿಲ್ಲ.

ಇನ್ನೊಂದು ಮಾತು ಮೇಜಿನಿಂದ ಮೇಜಿಗೆ ಕೇಳಿಬರುತ್ತದೆ: ‘ಇದರಲ್ಲೇನಿದೆ ವಿಶೇಷ, ನಮ್ಮ ಒತ್ತು ಶಾವಿಗೆ, ಕೋಳಿ ಸಾರೇ ಅಲ್ಲವೇ?’ ಮಲೆನಾಡಿನ ಅಭಿಮಾನ ನನಗೂ ಕಡಿಮೆಯಿಲ್ಲ, ಆದರೆ ಈ ಮಾತನ್ನು ಒಪ್ಪಲಾರೆ. ನಮ್ಮ ಕೋಳಿ ಸಾರಿನ ಬಲವೆಲ್ಲ ಅರೆದ ಮಸಾಲೆಯಲ್ಲಿದೆ. ಹುರಿದ ಕೊತ್ತಂಬರಿ, ಒಣಮೆಣಸು, ಕಾಳುಮೆಣಸು, ಕಾಯಿತುರಿ ಸೇರಿ ಸಾರಿಗೆ ಮೈಕಟ್ಟು ಕೊಡುತ್ತವೆ, ಆ ದಪ್ಪದಲ್ಲಿಯೇ ಶಾವಿಗೆ ನೆನೆಯುತ್ತದೆ. ಫೋದಲ್ಲಿ ಅರೆದದ್ದು ಎಂಬುದೇ ಇಲ್ಲ. ಬಟ್ಟಲಿನ ತಳದ ಹೂವಿನ ಚಿತ್ತಾರ ಸಾರಿನೊಳಗಿಂದ ಕಾಣಬೇಕು. ಶಾವಿಗೆಯ ವಿಷಯದಲ್ಲೂ ದಾರಿ ಬೇರೆ. ನಾವು ಅಕ್ಕಿಹಿಟ್ಟನ್ನು ಬೇಯಿಸಿ ಮುದ್ದೆ ಕಟ್ಟಿ, ಬಿಸಿ ಆರುವ ಮೊದಲು ಒರಳಿಗೆ ತುಂಬಿ, ಇಬ್ಬರು ಭಾರ ಹಾಕಿ ಒತ್ತುತ್ತೇವೆ. ಅವರು ನೆನೆಸಿದ ಅಕ್ಕಿಯನ್ನು ತೆಳ್ಳಗೆ ರುಬ್ಬಿ, ಕುದಿಯುವ ಪಾತ್ರೆಯ ಬಾಯಿಗೆ ಬಿಗಿದ ಬಟ್ಟೆಯ ಮೇಲೆ ಆ ಹಿಟ್ಟನ್ನು ಹರಡಿ, ಹಬೆಯಲ್ಲಿ ಬೆಂದ ಹಾಳೆಯನ್ನು ಬಿದಿರ ಕಡ್ಡಿಯಿಂದ ಎತ್ತಿ, ಆರಿಸಿ, ರಿಬ್ಬನ್ನಿನಂತೆ ಕತ್ತರಿಸುತ್ತಾರೆ. ಹೀಗೆ ಚಪ್ಪಟೆಯಾಗಿರುವುದರಿಂದಲೇ ಅದು ತಿಳಿಯನ್ನು ತನ್ನ ಮೈಮೇಲೆ ಹೊತ್ತು ಬಾಯಿಗೆ ತರುತ್ತದೆ.

ನಮ್ಮ ಒತ್ತು ಶಾವಿಗೆಯ ನೆಂಟರನ್ನು ಹುಡುಕಲೇಬೇಕೆಂದರೆ ವಿಯೆಟ್ನಾಮಿನ ಇನ್ನೊಂದು ಶಾವಿಗೆಯಾದ ‘ಬುನ್’ ಕಡೆಗೆ ನೋಡಬೇಕು. ಅದನ್ನೂ ತೂತುಗಳ ಮೂಲಕ ಒತ್ತಿಯೇ, ನೇರವಾಗಿ ಕುದಿಯುವ ನೀರಿಗೆ ಇಳಿಬಿಟ್ಟು ಮಾಡುತ್ತಾರೆ. ಆ ಬುನ್‌ನಿಂದ ಮಾಡುವ ಸೂಪುಗಳಲ್ಲಿ ಒಂದು ಏಡಿಯದು. ಗದ್ದೆಯ ಏಡಿಗಳನ್ನು ಚಿಪ್ಪುಸಹಿತ ಒರಳಿನಲ್ಲಿ ಕುಟ್ಟಿ, ನೀರು ಬೆರೆಸಿ ಸೋಸಿ, ಆ ರಸವನ್ನು ಸಣ್ಣ ಉರಿಯಲ್ಲಿ ಕಾಯಿಸಿದಾಗ ಏಡಿಯ ಸತ್ವವೆಲ್ಲ ಮೊಸರಿನ ಹೆಪ್ಪಿನಂತೆ ಒಡೆದು ಮೇಲೆ ತೇಲಿ ನಿಲ್ಲುತ್ತದೆ. ಟೊಮೆಟೊದ ಹುಳಿ ಅದಕ್ಕೆ ಜೊತೆ. ಮೊದಲ ಮಳೆಗೆ ಗದ್ದೆಯ ಅಂಚಿನಲ್ಲಿ ಏಡಿ ಹಿಡಿದು, ಅದರ ಕಾಲುಗಳನ್ನು ಜಜ್ಜಿ ರಸ ಹಿಂಡಿ ಸಾರು ಕಾಯಿಸುವ ಮಲೆನಾಡಿನ ಮನೆಗಳಿಗೆ ಈ ವಿಧಾನವನ್ನು ವಿವರಿಸಬೇಕಾಗಿಲ್ಲ. ಇದನ್ನೂ ಮಾಡಿ ಎಂದು ಹೋಟೆಲಿನವರನ್ನು ಕೇಳಿದೆ. ‘ಮಾಡಬಹುದು, ಆದರೆ ದಿನವೂ ಅಷ್ಟು ಏಡಿ ಹಿಡಿದು ಕೊಡುವವರು ಯಾರು’ ಎಂದು ಅವರು ನಕ್ಕರು.

ಪಕ್ಕದ ತಟ್ಟೆಯಲ್ಲಿ ಬರುವ ಸೊಪ್ಪಿನ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಏಕೆಂದರೆ ಈ ಹೋಟೆಲಿನವರ ಜಾಣತನ ಕಾಣುವುದು ಅಲ್ಲಿಯೇ. ಹನೋಯ್‌ನ ಬಟ್ಟಲಿನ ಜೊತೆ ಇಂಥ ತಟ್ಟೆ ಬರುವುದೇ ಅಪರೂಪ. ಅಲ್ಲಿ ಹೆಚ್ಚಿದ ಈರುಳ್ಳಿಸೊಪ್ಪು, ಬೆಳ್ಳುಳ್ಳಿ ನೆನೆಸಿದ ವಿನಿಗರ್, ಮೆಣಸು, ಇಷ್ಟೇ. 1954ರ ಜಿನೀವಾ ಒಪ್ಪಂದದಿಂದ ದೇಶ ಎರಡಾಗಿ, ಲಕ್ಷಗಟ್ಟಲೆ ಉತ್ತರದವರು ದಕ್ಷಿಣಕ್ಕೆ ಹೋದಾಗ ಫೋವೂ ಅವರೊಂದಿಗೆ ಸೈಗಾನಿನಲ್ಲಿ ನೆಲೆ ಕಂಡುಕೊಂಡಿತು. ದಕ್ಷಿಣದವರು ಸಾರನ್ನು ಸ್ವಲ್ಪ ಸಿಹಿಗೊಳಿಸಿ, ಹಸಿ ಸೊಪ್ಪು, ಮೊಳಕೆ ಕಾಳು, ನಿಂಬೆ, ಸಿಹಿ ಸಾಸು ಎಲ್ಲವನ್ನೂ ಸೇರಿಸಿದರು. ಹೊರದೇಶಗಳಿಗೆ ಹೆಚ್ಚಾಗಿ ಹೋಗಿದ್ದು ಈ ದಕ್ಷಿಣದ ರೂಪ. ಶಿವಮೊಗ್ಗಕ್ಕೆ ಬಂದಿರುವುದೂ ಅದೇ. ಅದಕ್ಕೆ ಬೇಕಾದ ತುಳಸಿಜಾತಿಯ ಸೊಪ್ಪನ್ನು ಬೆಂಗಳೂರಿನಿಂದ ತರಿಸಿದರೆ ದಾರಿಯಲ್ಲೇ ಕಪ್ಪಾಗುತ್ತದೆ. ಇವರು ಗಾಂಧಿ ಬಜಾರಿನ ಹೂವಿನವರಿಂದ ಕಾಮಕಸ್ತೂರಿ ತರುತ್ತಾರೆ. ಸಸ್ಯಶಾಸ್ತ್ರದ ಪ್ರಕಾರ ಥಾಯ್ ತುಳಸಿ ಎನ್ನುವುದೂ ನಮ್ಮ ಕಾಮಕಸ್ತೂರಿಯೂ ಒಂದೇ ಪ್ರಭೇದದ ಬೇರೆ ಬೇರೆ ತಳಿಗಳು. ಕಟ್ಟೆಯ ತುಳಸಿ ಬೇರೆ ಪ್ರಭೇದ, ಅದನ್ನು ಹಾಕಿದರೆ ಲವಂಗದ ಘಾಟು ಹೆಚ್ಚಾಗಿ ಬಟ್ಟಲಿಗೆ ತೀರ್ಥದ ವಾಸನೆ ಬರುತ್ತಿತ್ತು. ಮಾಲೆಯಲ್ಲಿ ಮಾತ್ರ ನೋಡಿದ್ದ ಕಾಮಕಸ್ತೂರಿಯ ಎಲೆಯನ್ನು ಹರಿದು ಬಿಸಿ ತಿಳಿಯ ಮೇಲೆ ಹಾಕಿದಾಗ ಏಳುವ ಪರಿಮಳಕ್ಕೆ ಚಕ್ರಮೊಗ್ಗಿನ ಕಂಪು ಎಷ್ಟು ಸಲೀಸಾಗಿ ಹೊಂದಿಕೊಳ್ಳುತ್ತದೆ ಎಂಬುದನ್ನು ಬರೆದು ತಿಳಿಸುವುದು ಕಷ್ಟ.

ಇನ್ನೊಂದು ಸೊಪ್ಪು ಇದಕ್ಕಿಂತ ಸೊಗಸಾದದ್ದು. ಉದ್ದನೆಯ ಎಲೆಯ, ಅಂಚಿನಲ್ಲಿ ಗರಗಸದಂತೆ ಹಲ್ಲುಗಳಿರುವ ಕಾಡು ಕೊತ್ತಂಬರಿ ಮಲೆನಾಡಿನವರಿಗೆ ಹೊಸದಲ್ಲ. ಬಚ್ಚಲ ನೀರು ಹರಿಯುವ ಕಡೆ, ಅಡಿಕೆ ತೋಟದ ನೆರಳಿನಲ್ಲಿ ಯಾರೂ ಕೇಳದಿದ್ದರೂ ಬೆಳೆದುಕೊಂಡಿರುತ್ತದೆ. ಮೂಲತಃ ಇದು ಅಮೆರಿಕ ಖಂಡದ ಉಷ್ಣವಲಯದ ಗಿಡ. ಎಲ್ಲೆಲ್ಲೋ ಸುತ್ತಿ ನಮ್ಮಲ್ಲಿಗೂ ಬಂದಿದೆ, ವಿಯೆಟ್ನಾಮಿಗೂ ಹೋಗಿದೆ. ಅಲ್ಲಿನ ದಕ್ಷಿಣದವರ ಸೊಪ್ಪಿನ ತಟ್ಟೆಯಲ್ಲಿ ಅದು ಇರಲೇಬೇಕು. ನಮ್ಮಲ್ಲಿ ಮಾತ್ರ ಪೇಟೆಯ ಕೊತ್ತಂಬರಿ ಸೊಪ್ಪು ತೀರಿದ ದಿನ ಚಟ್ನಿಗೆ ಕಿತ್ತುಕೊಂಡು ಬರುವ ಬಡ ನೆಂಟ. ಹೋಟೆಲಿನವರ ತಾಯಿ ಊರಿನಿಂದ ಬಸ್ಸಿನಲ್ಲಿ ಕಟ್ಟು ಕಟ್ಟಿ ಕಳಿಸುತ್ತಾರಂತೆ. ಮಾಮೂಲಿ ಕೊತ್ತಂಬರಿ ಬಿಸಿಗೆ ಬಿದ್ದ ಕೂಡಲೇ ಸುಮ್ಮನಾಗುತ್ತದೆ, ಇದರ ಘಮ ಬಟ್ಟಲು ಮುಗಿಯುವ ತನಕ ನಿಲ್ಲುತ್ತದೆ. ಖಾರಕ್ಕೆ ಸೂಜಿಮೆಣಸನ್ನೂ ಇಟ್ಟಿರುತ್ತಾರೆ. ಅದನ್ನು ಹೆಚ್ಚಿ ಹಾಕುವುದಕ್ಕಿಂತ ಒಂದು ಕಾಯಿಯನ್ನು ಚಮಚದ ಬೆನ್ನಿನಿಂದ ಜಜ್ಜಿ ತಿಳಿಯಲ್ಲಿ ಮುಳುಗಿಸಿಡುವುದು ಮೇಲು.

ಸಸ್ಯಾಹಾರಿಗಳಿಗೂ ಇಲ್ಲಿ ಬಟ್ಟಲಿದೆ. ವಿಯೆಟ್ನಾಮಿನ ಬೌದ್ಧರು ಹುಣ್ಣಿಮೆ, ಅಮಾವಾಸ್ಯೆಯ ಸುಮಾರಿಗೆ ಮಾಂಸ ಬಿಡುವ ಪದ್ಧತಿ ಇರುವುದರಿಂದ ಅಲ್ಲಿಯೂ ಸಸ್ಯಾಹಾರಿ ಫೋ ಪರಕೀಯವೇನಲ್ಲ. ಮಾಂಸವಿಲ್ಲದ ಫೋ ಇನ್ನೊಂದು ಕಾರಣಕ್ಕೂ ಅಲ್ಲಿನವರ ನೆನಪಿನಲ್ಲಿದೆ. 1960ರ ದಶಕದ ಯುದ್ಧಕಾಲದಲ್ಲಿ ಹನೋಯ್‌ನ ಸರ್ಕಾರಿ ಅಂಗಡಿಗಳು ಬರಿಯ ಸಾರು, ಶಾವಿಗೆ ಕೊಡುತ್ತಿದ್ದಾಗ, ಆಗಸದಲ್ಲಿ ಹಾರುತ್ತಿದ್ದ ಅಮೆರಿಕದ ಮಾನವರಹಿತ ಬೇಹು ವಿಮಾನಗಳನ್ನು ನೆನೆದು ಜನ ಅದನ್ನು ‘ಪೈಲಟ್ ಇಲ್ಲದ ಫೋ’ ಎಂದು ಕರೆದಿದ್ದರು. ಸವಳಂಗ ರಸ್ತೆಯ ಸಸ್ಯಾಹಾರಿ ಬಟ್ಟಲಿಗೆ ಅಷ್ಟು ಕಠಿಣವಾದ ಹೆಸರು ಬೇಡ, ಆದರೂ ಅದು ಕೋಳಿಯದರ ಸಮಕ್ಕೆ ನಿಲ್ಲುವುದಿಲ್ಲ. ಮೂಲಂಗಿ, ಕ್ಯಾರೆಟ್, ಒಣ ಅಣಬೆ, ಸುಟ್ಟ ಈರುಳ್ಳಿಗಳಿಂದ ಸಿಹಿಯೂ ಪರಿಮಳವೂ ಬರುತ್ತವೆ, ತುಟಿಗೆ ಅಂಟುವ ಆ ಮೈ ಬರುವುದಿಲ್ಲ. ಮೀನಿನ ಸಾಸಿನ ಜಾಗಕ್ಕೆ ಸೋಯಾ ಸಾಸು ಬಂದು ತಿಳಿಯ ಬಣ್ಣವೂ ಕಂದಾಗುತ್ತದೆ. ಅಣಬೆಯನ್ನು ಇನ್ನಷ್ಟು ಧಾರಾಳವಾಗಿ ಹಾಕಿ, ಸೋಯಾ ಕಡಿಮೆ ಮಾಡಿ ಉಪ್ಪಿನ ಮೇಲೆ ನಂಬಿಕೆ ಇಟ್ಟರೆ ಬಹಳ ಸುಧಾರಿಸೀತು ಎಂದು ನನಗನ್ನಿಸುತ್ತದೆ.

ಕೋಳಿಯದರಲ್ಲೂ ಕೊರತೆಗಳಿಲ್ಲದೆ ಇಲ್ಲ. ತಾಜಾ ಶಾವಿಗೆ ಇಲ್ಲಿ ಸಿಗುವುದಿಲ್ಲ, ಪ್ಯಾಕೆಟ್ಟಿನ ಒಣ ಶಾವಿಗೆಯೇ ಗತಿ. ಅದನ್ನು ಮೊದಲು ತಣ್ಣೀರಿನಲ್ಲಿ ನೆನೆಸಿ, ಬಡಿಸುವ ಹೊತ್ತಿಗೆ ಜಾಲರಿ ಸೌಟಿನಲ್ಲಿಟ್ಟು ಕೆಲವೇ ಕ್ಷಣ ಕುದಿನೀರಿಗೆ ಅದ್ದಿ ತೆಗೆಯುತ್ತಾರೆ. ಜನಜಂಗುಳಿ ಇಲ್ಲದಾಗ ಇದು ಹದವಾಗಿರುತ್ತದೆ, ಭಾನುವಾರದ ಗದ್ದಲದಲ್ಲಿ ಕೆಲವೊಮ್ಮೆ ಮೆತ್ತಗಾಗುತ್ತದೆ. ಚಕ್ಕೆಯ ಕೈ ಒಮ್ಮೊಮ್ಮೆ ಮುಂದಾಗುತ್ತದೆ. ಮಾಂಸವನ್ನು ಎಳೆ ಎಳೆಯಾಗಿ ಬಿಡಿಸಿ ಹಾಕುವುದು ಒಳ್ಳೆಯದೇ, ಚರ್ಮವನ್ನು ಪೂರ್ತಿ ತೆಗೆದುಬಿಡುವುದು ಮಾತ್ರ ನನಗೆ ನಷ್ಟವೆನಿಸುತ್ತದೆ; ಗಿರಾಕಿಗಳೇ ಬೇಡವೆನ್ನುತ್ತಾರಂತೆ. ಒಂದು ಬಟ್ಟಲಿಗೆ 240 ರೂಪಾಯಿ ಎಂಬುದನ್ನು ದುಬಾರಿ ಎನ್ನುವವರಿದ್ದಾರೆ, ಅವರು ಆ ಒಲೆಯ ಮುಂದೆ ಒಂದು ಮಧ್ಯಾಹ್ನ ನಿಲ್ಲಲಿ.

ತಿನ್ನುವ ಕ್ರಮಕ್ಕೆ ಯಾವ ಶಾಸ್ತ್ರವೂ ಬೇಡ. ಎಡಗೈಯಲ್ಲಿ ಚಮಚ, ಬಲಗೈಯಲ್ಲಿ ಕಡ್ಡಿ ಅಥವಾ ಫೋರ್ಕ್ ಹಿಡಿದು, ಶಾವಿಗೆಯನ್ನು ಸದ್ದು ಮಾಡಿಕೊಂಡೇ ಸುರಿದುಕೊಳ್ಳಬಹುದು. ಅವಸರ ಮಾತ್ರ ಬೇಕು. ಅಕ್ಕಿಯ ಶಾವಿಗೆ ಬಿಸಿ ತಿಳಿಯಲ್ಲಿ ಕುಳಿತಷ್ಟೂ ಅದನ್ನು ಹೀರಿ ಊದುತ್ತದೆ. ಹತ್ತು ನಿಮಿಷ ಕಳೆದರೆ ಮೊದಲು ಕಂಡ ಬಟ್ಟಲು ಅದಲ್ಲ. ಬಟ್ಟಲನ್ನು ಮುಂದಿಟ್ಟುಕೊಂಡು ಕುರ್ಚಿ ಹತ್ತಿ ಮೇಲಿನಿಂದ ಫೋಟೋ ತೆಗೆಯುವ ಯುವಕರನ್ನು ನೋಡಿದಾಗಲೆಲ್ಲ ಒಳಗೆ ಅಡುಗೆಯವರ ಹೆಂಡತಿ ಗಡಿಯಾರ ನೋಡುವುದನ್ನು ಕಂಡಿದ್ದೇನೆ.

ಹೋಗುವವರು ಶುಕ್ರವಾರ ಸಂಜೆ ಏಳರೊಳಗೆ ಹೋಗುವುದು ಒಳ್ಳೆಯದು, ಏಕೆಂದರೆ ಒಂದು ಪಾತ್ರೆ ತಿಳಿ ಮುಗಿದರೆ ಆ ದಿನದ ಫೋ ಮುಗಿದಂತೆ. ನೀರು ಬೆರೆಸಿ ಹಿಗ್ಗಿಸುವ ಅಭ್ಯಾಸ ಅವರಿಗಿಲ್ಲ. ಪಾರ್ಸೆಲ್ ಬೇಕೆಂದರೆ ತಿಳಿ, ಶಾವಿಗೆ, ಸೊಪ್ಪುಗಳನ್ನು ಬೇರೆ ಬೇರೆಯಾಗಿ ಕಟ್ಟಿಸಿಕೊಳ್ಳಬೇಕು, ಮನೆಯಲ್ಲಿ ತಿಳಿಯನ್ನು ಮತ್ತೆ ಕುದಿಯ ಅಂಚಿಗೆ ತಂದು ಶಾವಿಗೆಯ ಮೇಲೆ ಸುರಿಯಬೇಕು. ಸ್ಟೀಲಿನ ತೂಕುಪಾತ್ರೆ ಒಯ್ದವರಿಗೆ ಒಂದು ಸೌಟು ಹೆಚ್ಚು ಹಾಕುತ್ತಾರೆ.